ಎಳೆಯುವುದಕ್ಕೆ ಇನ್ನೊಬ್ಬ

ಫ್ಲೋರಿಯನ್ ಅಡ್ಡಬಿಲ್ಲು ಕೊಂಡದ್ದು ಖುಷಿಯಿಂದಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಬಂದೂಕಿನ ಹಾಗೆ ಭುಜಕ್ಕೆ ಆನಿಸಿ ಟ್ರಿಗರ್ ಒತ್ತುವ ಆ ಬಿಲ್ಲನ್ನು ಅವನೂ ಅವನ ಗೆಳೆಯ ಡೆಲ್ಬರ್ಟನೂ ಸೇರಿ ಮೂವತ್ತೆಂಟು ವರ್ಷ ಆಡಿಕೊಂಡು ನಕ್ಕಿದ್ದರು. ಹೆದೆಯನ್ನು ಸ್ವಂತ ತೋಳಿನಲ್ಲಿ ಎಳೆದು, ಉಸಿರು ಕಟ್ಟಿ ನಿಲ್ಲಿಸಿ ಬಿಡುವವನೇ ಬಿಲ್ಲುಗಾರ, ಮಿಕ್ಕವರೆಲ್ಲ ಸೋಮಾರಿಗಳು ಎಂದು ಇಬ್ಬರದೂ ಒಂದೇ ಮತ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಫ್ಲೋರಿಯನ್ನನ ಬಲಭುಜದ ಸ್ನಾಯು ಹರಿಯಿತು. ಡಾಕ್ಟರು ಕೊಯ್ದು ಹೊಲಿದು, ಇನ್ನು ಬಿಲ್ಲು ಮುಟ್ಟಬೇಡಿ ಎಂದರು. ಮದುವೆ ಮಾಡಿಕೊಳ್ಳಲಿಲ್ಲ, ಇದ್ದ ಹಸುಗಳನ್ನೂ ಮಾರಿಯಾಯಿತು, ಈಗ ನವೆಂಬರಿನ ಜಿಂಕೆ ಬೇಟೆಯೂ ಇಲ್ಲವೆಂದರೆ ಆ ಮನುಷ್ಯನಿಗೆ ಉಳಿಯುವುದೇನು, ಮಣ್ಣು?

ಆಗಸ್ಟಿನ ಒಂದು ಶುಕ್ರವಾರ, ಊರಿನ ಬಾರಿನಲ್ಲಿ ಕರಿದ ಮೀನು ತಿನ್ನುತ್ತಾ ಡೆಲ್ಬರ್ಟನಿಗೆ ವಿಷಯ ಹೇಳಿದ.

"ಅಡ್ಡಬಿಲ್ಲು ತಗೋತೀನಿ ಕಣೋ. ಬೇರೆ ದಾರಿ ಇಲ್ಲ."

ಡೆಲ್ಬರ್ಟ್ ಅಕ್ಕಪಕ್ಕದವರಿಗೂ ಕೇಳುವ ಹಾಗೆ ನಕ್ಕ. "ಕೇಳಿದ್ರೇನ್ರಪ್ಪಾ? ಭುಜ ನೋವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಳೆ ಜಿಂಕೆ ಕಟ್ಟಿಹಾಕೋಕೂ ಒಬ್ಬ ಆಳು ಇಟ್ಕೊ."

ಬಾರೆಲ್ಲ ನಕ್ಕಿತು. ಫ್ಲೋರಿಯನ್ನನಿಗೆ ಮೈ ಉರಿದುಹೋಯಿತು. ಉರಿದಾಗ ಬಾಯಿ ಮುಚ್ಚಿಕೊಂಡಿರಬೇಕು, ಮುಚ್ಚಿಕೊಳ್ಳಲಿಲ್ಲ.

"ನಾನು ಹೊಡೆದಿದ್ದು ನನ್ನ ಮುಂದೇನೇ ಬೀಳುತ್ತೆ. ಹೋದ ವರ್ಷ ನೀನು ಹೊಟ್ಟೆಗೆ ಹೊಡೆದ ಹೆಣ್ಣು ಜಿಂಕೆ ಎಲ್ಲಿ ಸತ್ತಿತೋ? ಎರಡು ದಿನ ಹುಡುಕಿ, ಸಿಗದೆ, ಹಳ್ಳದಲ್ಲಿ ಕೂತು ಅತ್ತವನು ಯಾರು?"

ಆ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ಅದೇ ಹಳ್ಳದಲ್ಲಿ ಡೆಲ್ಬರ್ಟನ ಬೆನ್ನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದವನು ಫ್ಲೋರಿಯನ್ನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡೆಲ್ಬರ್ಟ್ ತಟ್ಟೆ ಸರಿಸಿ, ಟೋಪಿ ಹಾಕಿಕೊಂಡು ಎದ್ದು ಹೋದ. ಮರುದಿನ ಫೋನ್ ಮಾಡಿದರೆ ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ಆಮೇಲೆ ಫ್ಲೋರಿಯನ್ ಮಾಡಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಒಬ್ಬನೇ ಮಾರ್ಲೀನಳ ಅಂಗಡಿಗೆ ಹೋದ. ಮೀನಿನ ಗಾಳದಿಂದ ಹಿಡಿದು ಬಂದೂಕಿನ ತನಕ ಎಲ್ಲವನ್ನೂ ಮಾರುವ ಹೆಂಗಸು ಅವಳು.

"ಎಲ್ಲಕ್ಕಿಂತ ಜೋರಿಂದು ತೋರಿಸಮ್ಮಾ," ಎಂದ.

"ಜೋರಿಂದು ತಗೊಂಡು ಏನ್ ಮಾಡ್ತೀರಿ? ಜಿಂಕೆ ಸಾಯೋದು ಜೋರಿಗಲ್ಲ, ಬಾಣ ಬೀಳೋ ಜಾಗಕ್ಕೆ. ಇದನ್ನ ಎತ್ತಿ ನೋಡಿ."

"ಮುಂದಕ್ಕೆ ಜಗ್ಗುತ್ತೆ."

"ಹಂಗಾದ್ರೆ ಅದು ನಿಮ್ಮದಲ್ಲ. ಇದು ನೋಡಿ, ಕಿರಿದು. ಮರದ ಮೇಲೆ ಕೂತಾಗ ಕೊಂಬೆಗೆ ತಾಕಲ್ಲ. ಈ ಹಿಡಿಕೆ ತಿರುಗಿಸಿದ್ರೆ ಹೆದೆ ತಾನೇ ಹಿಂದಕ್ಕೆ ಬಂದು ಕೂರುತ್ತೆ. ನಿಮ್ಮ ಭುಜಕ್ಕೆ ನೋವಿಲ್ಲ."

"ಬಾವಿಯಿಂದ ನೀರು ಸೇದಿದ ಹಾಗಾಯ್ತು."

"ಸೇದಿ. ನೀರು ಬಂದ್ರೆ ಸಾಕಲ್ಲ." ಅವಳು ಅದನ್ನು ಅವನ ಕೈಗಿಟ್ಟಳು. "ಎರಡು ಮಾತು ನೆನಪಿಟ್ಕೊಳ್ಳಿ. ಬಾಣ ಇಡದೆ ಟ್ರಿಗರ್ ಒತ್ತಿದ್ರೆ ಬಿಲ್ಲು ಚೂರುಚೂರು. ಹತ್ತು ಸಲ ಬಿಟ್ಟ ಮೇಲೆ ಹೆದೆಗೆ ಮೇಣ ತಿಕ್ಕಿ, ಎಳೆ ಬಿಟ್ಟಿದ್ಯಾ ನೋಡಿ. ಮತ್ತೆ ಹೆಬ್ಬೆರಳು ಕೆಳಗಿರ್ಲಿ, ಹೆದೆ ದಾರಿಗೆ ಬಂದ್ರೆ ಕತ್ತರಿಸಿಕೊಂಡು ಹೋಗುತ್ತೆ."

"ಅದು ಮೂರು ಮಾತಾಯ್ತು."

"ಒಬ್ಬರೇ ಇರೋರಿಗೆ ಒಂದು ಹೆಚ್ಚಿಗೇನೇ ಹೇಳ್ಬೇಕು. ಕಾಡಿಗೆ ಡೆಲ್ಬರ್ಟ್ ಜೊತೇಲಿ ಬರ್ತಾರಲ್ಲ?"

"ಬರ್ತಾನೆ," ಎಂದು ಸುಳ್ಳು ಹೇಳಿ ಬಿಲ್ಲು ಹೊತ್ತು ಹೊರಬಿದ್ದ.

ಖಾಲಿ ಕೊಟ್ಟಿಗೆಯ ಹಿಂದೆ ಮೂವತ್ತು ಗಜ ದೂರಕ್ಕೆ ಗುರಿ ನಿಲ್ಲಿಸಿಕೊಂಡು ದಿನಕ್ಕೆ ಹತ್ತು ಬಾಣ ಬಿಟ್ಟ. ಅಡುಗೆಮನೆಯ ಮೇಜಿನ ಮೇಲೆ ಬಿಲ್ಲು ಮಲಗಿಸಿ ಹೆದೆಗೆ ಮೇಣ ತಿಕ್ಕಿ, ಬೆರಳಲ್ಲೇ ಉಜ್ಜಿ ಬಿಸಿ ಮಾಡಿ ಒಳಕ್ಕೆ ಇಳಿಸುತ್ತಿದ್ದ. ಬಾಣ ಜಾರುವ ಹಳಿಗೆ ಒಂದೇ ಹನಿ ಎಣ್ಣೆ, ತಿರುಪುಗಳನ್ನೆಲ್ಲ ಒಮ್ಮೆ ಬಿಗಿ ಮಾಡುವುದು. ಎರಡನೇ ವಾರಕ್ಕೆ ಮೂರು ಬಾಣ ಒಂದು ಲೋಟದ ಬಾಯಿಯಷ್ಟು ಜಾಗದಲ್ಲಿ ಕೂತವು. "ನೋಡಿದ್ಯೇನೋ!" ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಹುಲ್ಲು ಮಾತ್ರ ಇತ್ತು.

ಸತ್ಯ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದದ್ದು ಜಿಂಕೆಯಲ್ಲ, ಡೆಲ್ಬರ್ಟ್. ಹೋಗಿ ತಪ್ಪಾಯ್ತು ಅನ್ನಬಹುದಿತ್ತು. ನಾಲ್ಕು ಮೈಲಿಯೂ ಇಲ್ಲ. ಎರಡು ಸಲ ಹೊರಟು, ಡೆಲ್ಬರ್ಟನ ಮನೆಯ ತಿರುವಿನ ತನಕ ಹೋಗಿ, ಟ್ರಕ್ ತಿರುಗಿಸಿಕೊಂಡು ಬಂದಿದ್ದ. ಆ ಹಾಳು ನಾಚಿಕೆಗೆ ಮದ್ದಿಲ್ಲ.

ನವೆಂಬರಿನ ಮೊದಲ ವಾರ ಹಳ್ಳದ ಮೇಲಿನ ಅಟ್ಟಣೆಯಲ್ಲಿ ಐದು ದಿನ ಬೆಳಗ್ಗೆ ಕೂತ. ಆರನೇ ದಿನ, ಸೂರ್ಯ ಮರದ ತುದಿ ಬಿಟ್ಟು ಮೇಲೆ ಬಂದ ಹೊತ್ತಿಗೆ, ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯೊಂದು ಹೆಣ್ಣಿನ ವಾಸನೆ ಹಿಡಿದು ನೆಲ ಮೂಸುತ್ತಾ ಹಳ್ಳಕ್ಕಿಳಿಯಿತು. ಇಪ್ಪತ್ತೆರಡು ಗಜ ದೂರದಲ್ಲಿ ಅಡ್ಡ ನಿಂತಿತು. ತೊಂಬತ್ತು ಕಿಲೋಗೆ ಕಡಿಮೆಯಿಲ್ಲ.

ಫ್ಲೋರಿಯನ್ ಬಿಲ್ಲು ಎತ್ತಿದ, ಆದರೆ ಒತ್ತಲಿಲ್ಲ. ಟ್ರಕ್ ಇರುವುದು ಮೇಲೆ, ಅರ್ಧ ಮೈಲಿ ಕಡಿದಾದ ಏರು. ಹರಿದ ಭುಜದಲ್ಲಿ ಇದನ್ನು ಎಳೆಯಲಾಗದು. ಎಳೆಯಲಾಗದ್ದನ್ನು ಹೊಡೆಯಬಾರದೆಂಬುದು ಕಾಡಿಗೆ ಹೋಗುವ ಎಲ್ಲರೂ ಒಪ್ಪಿದ ಮಾತು. ದಿನ ಬೇರೆ ಬೆಚ್ಚಗಿತ್ತು, ಮಧ್ಯಾಹ್ನದೊಳಗೆ ಮಾಂಸ ಕೆಡುತ್ತದೆ. ಅಕ್ಕಪಕ್ಕದ ಹೊಲದವರೆಲ್ಲ ಮಾರಿ ಹೋಗಿದ್ದರು. ಕರೆದರೆ ಬರುವವನು ಒಬ್ಬನೇ, ಅವನು ಫೋನ್ ಎತ್ತುವುದಿಲ್ಲ. ಆದರೆ ಸತ್ತ ಜಿಂಕೆ ಹಳ್ಳದಲ್ಲಿ ಕೊಳೆಯುತ್ತದೆಂದು ತಿಳಿದರೆ ಡೆಲ್ಬರ್ಟ್ ಸುಮ್ಮನೆ ಕೂರುವವನಲ್ಲ. ಇದು ಬಿದ್ದರೆ ಅವನು ಬರಲೇಬೇಕು.

ಆ ಯೋಚನೆ ಬಂದದ್ದೇ ತಡ, ಫ್ಲೋರಿಯನ್ ಟ್ರಿಗರ್ ಒತ್ತಿದ.

ಬಾಣ ಮುಂಗಾಲಿನ ಹಿಂದೆ ಹೊಕ್ಕು ಆಚೆ ಬಂತು. ಜಿಂಕೆ ಅರವತ್ತು ಹೆಜ್ಜೆ ಓಡಿ ಬಿತ್ತು. ಅರ್ಧ ಗಂಟೆ ಬಿಟ್ಟು ಇಳಿದು, ಹೊಟ್ಟೆ ಸೀಳಿ ಕರುಳು ತೆಗೆದ. ಕೊಂಬು ಹಿಡಿದು ಎಡಗೈಯಲ್ಲಿ ಎಳೆದು ನೋಡಿದ. ನಾಲ್ಕು ಮಾರು ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ನಾಲ್ಕನೇ ಸಲಕ್ಕೆ ಎತ್ತಿದ.

"ಏನು?" ಡೆಲ್ಬರ್ಟನ ದನಿ.

"ಹಳ್ಳದಲ್ಲಿದೀನಿ. ದೊಡ್ಡ ಗಂಡು ಬಿದ್ದಿದೆ. ಎಳೆಯೋಕಾಗ್ತಿಲ್ಲ."

"ಯಾವುದ್ರಲ್ಲಿ ಹೊಡೆದೆ?"

"ಅಡ್ಡಬಿಲ್ಲಲ್ಲಿ."

ಡೆಲ್ಬರ್ಟ್ ಫೋನ್ ಇಟ್ಟುಬಿಟ್ಟ. ಫ್ಲೋರಿಯನ್ ಜಿಂಕೆಯ ಪಕ್ಕ ಕೂತ. ನೊಣ ಬರತೊಡಗಿತು. ಟೋಪಿಯಿಂದ ಓಡಿಸುತ್ತಾ ಒಂದು ಗಂಟೆ ಕಳೆದ. ಬರುವುದಿಲ್ಲ ಎಂದು ಖಾತ್ರಿಯಾಗಿ, ಚಾಕು ತೆಗೆದು ತೊಡೆಯನ್ನಾದರೂ ಬಿಡಿಸಿಕೊಳ್ಳೋಣವೆಂದು ಬಗ್ಗಿದಾಗ ಒಣಗಿದ ಎಲೆಯ ಮೇಲೆ ಹೆಜ್ಜೆ ಕೇಳಿಸಿತು.

ಹೆಗಲಿಗೆ ಹಗ್ಗ ಹಾಕಿಕೊಂಡು, ಮಕ್ಕಳು ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ಬಂಡಿಯೊಂದನ್ನು ಎಳೆದುಕೊಂಡು ಡೆಲ್ಬರ್ಟ್ ಬಂದಿದ್ದ. ಬೇಟೆಯ ಬಟ್ಟೆಯಿಲ್ಲ, ಬಿಲ್ಲಿಲ್ಲ. ಫ್ಲೋರಿಯನ್ನನ ಮುಖ ನೋಡಲಿಲ್ಲ. ಬಗ್ಗಿ ಗಾಯ ನೋಡಿದ.

"ಸರಿಯಾದ ಜಾಗಕ್ಕೇ ಬಿದ್ದಿದೆ," ಎಂದ.

ಜಿಂಕೆಯನ್ನು ಬಂಡಿಗೆ ಹೊರಳಿಸಿದರು. ಡೆಲ್ಬರ್ಟ್ ಕೊಂಬಿಗೆ ಗಂಟು ಹಾಕಲು ಹೋದ. ಹಗ್ಗದ ತುದಿ ಕುಣಿಕೆಯೊಳಗೆ ಹೋಗಲಿಲ್ಲ. ಮತ್ತೆ ಪ್ರಯತ್ನಿಸಿದ, ಮತ್ತೆ ತಪ್ಪಿತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಗಡಗಡ ನಡುಗುತ್ತಿತ್ತು. ಫ್ಲೋರಿಯನ್ ನೋಡುತ್ತಿರುವುದು ತಿಳಿದು ಕೈಯನ್ನು ಜೇಬಿಗೆ ಹಾಕಿಕೊಂಡ.

"ಯಾವಾಗಿಂದ?"

"ಒಂದೂವರೆ ವರ್ಷ ಆಯ್ತು. ಆ ಹೆಣ್ಣು ಜಿಂಕೆಗೆ ಹೊಡೆಯೋಕೆ ಮುಂಚಿನ ಬೇಸಿಗೆಯಿಂದ. ಈ ವರ್ಷ ಬಿಲ್ಲು ಮುಟ್ಟಿಲ್ಲ."

"ನನಗೆ ಹೇಳಬಾರದಾಗಿತ್ತಾ?"

"ನಿನಗೆ ಹೇಳಿದ್ದು ಎಲ್ಲಿ ಹೋಗುತ್ತೆ ಅಂತ ನೋಡಿದೆನಲ್ಲ."

ಫ್ಲೋರಿಯನ್ನನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಗ್ಗ ತೆಗೆದುಕೊಂಡು ಗಂಟು ತಾನೇ ಹಾಕಿದ. ಮೂರು ತಿಂಗಳಿಂದ ಆಡದೆ ಉಳಿದಿದ್ದ ಮಾತು ಆಗ ಬಂತು.

"ತಪ್ಪಾಯ್ತು ಡೆಲ್ಬರ್ಟ್. ಅವತ್ತು ಬಾರಲ್ಲಿ ನಾನು ಮನುಷ್ಯನಾಗಿರಲಿಲ್ಲ." ಗಂಟನ್ನು ಇನ್ನೊಮ್ಮೆ ಬಿಗಿದು ಹೇಳಿದ, "ಇದನ್ನ ಹೊಡೀದೆ ಬಿಡಬಹುದಿತ್ತು. ನಿನ್ನ ಕರೆಯೋಕೆ ಒಂದು ನೆಪ ಬೇಕಾಗಿತ್ತು. ಅದಕ್ಕೇ ಹೊಡೆದೆ."

ಡೆಲ್ಬರ್ಟ್ ಮೊದಲ ಸಲ ಅವನ ಮುಖ ನೋಡಿದ. ಆಮೇಲೆ ಜಿಂಕೆಯ ಮುಖ ನೋಡಿದ.

"ಅಷ್ಟಕ್ಕೆ ಒಂದು ಜೀವ ತೆಗೆದ್ಯೇನೋ? ಬಂದು ಬಾಗಿಲು ತಟ್ಟಿದ್ರೆ ಆಗ್ತಿರಲಿಲ್ವಾ?"

"ತಟ್ಟಿದ್ರೆ ತೆಗೀತಿದ್ಯಾ?"

ಡೆಲ್ಬರ್ಟ್ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಒಂದು ತುದಿಯನ್ನು ಫ್ಲೋರಿಯನ್ನನ ಎಡಗೈಗೆ ಕೊಟ್ಟ.

"ಇಲ್ಲ," ಎಂದ. "ತೆಗೀತಿರಲಿಲ್ಲ."

ಇಬ್ಬರೂ ಏರಿನ ಕಡೆ ಮುಖ ಮಾಡಿ ಎಳೆಯತೊಡಗಿದರು.