ಚಪ್ಪಲಿ ಕಾಯೋನು ಮಾಡಿದ ಹಾಡು

"ಚಪ್ಪಲಿ ಕಾಯೋನ್ನ ಕರ್ಕೊಂಡ್ಬಂದು ಡೈರೆಕ್ಟ್ರು ಮಾಡಿದ್ರೆ ಇಂಥದ್ದೇ ಆಗೋದು" ಎಂದರು ಚಂದ್ರಶೇಖರಯ್ಯ.

ಇಂದಿರಾನಗರದ ಆ ಮಿಕ್ಸಿಂಗ್ ಕೋಣೆಯಲ್ಲಿ ಆಗ ಒಂಬತ್ತು ಜನ ಇದ್ದೆವು. ಕ್ಯಾಸೆಟ್ ಕಂಪನಿಯ ಮಾಲೀಕರಾದ ಚಂದ್ರಶೇಖರಯ್ಯ, ಹಾಡು ಬರೆದ ಕವಿ, ಟ್ಯೂನ್ ಹಾಕಿದವರು, ಕಂಪನಿಯ ಇಬ್ಬರು, ಹಾಡಿದ ಹುಡುಗಿ ಶಿವಾನಿ, ಅವಳ ತಾಯಿ, ಕಂಪ್ಯೂಟರಿನ ಮುಂದೆ ನನ್ನ ಗೆಳೆಯ ಕೇದಾರ್, ಬಾಗಿಲಿಗೆ ಒರಗಿ ನಾನು. ನಾಲ್ಕೂವರೆ ನಿಮಿಷದ ವಿಡಿಯೋ ಆಗಷ್ಟೇ ಮುಗಿದಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ 'ನಿರ್ದೇಶನ: ಸಕ್ಲೇನ್' ಎಂದು ಇನ್ನೂ ನಿಂತಿತ್ತು.

"ಮದುಮಗಳ ಹಾಡು ಕಣಯ್ಯಾ ಇದು. ಎಲ್ಲಿ ಮದುಮಗಳು? ಹೊಸ್ತಿಲು, ಚಪ್ಪಲಿ, ಮತ್ತೆ ಚಪ್ಪಲಿ. ಹಾಡಿರೋ ಹುಡುಗಿ ಮುಖ ಒಂದ್ಸಲಾನೂ ಇಲ್ಲ. ಜನ ಅಂಗಡಿಗೆ ಹೋಗಿ ಏನಂತ ಕೇಳ್ಬೇಕು, ಏಳನೇ ನಂಬರ್ ಹವಾಯಿ ಕೊಡಿ ಅಂತ್ಲಾ?"

ಕವಿ ಮೊದಲು ನಕ್ಕರು. ಆಮೇಲೆ ಕಂಪನಿಯ ಇಬ್ಬರು ನಕ್ಕರು. ಶಿವಾನಿ ನಗಲಿಲ್ಲ. ತನ್ನ ಮುಖ ಎಲ್ಲಿ ಹೋಯಿತು ಎಂದು ಹುಡುಕುವವಳ ಹಾಗೆ ಪರದೆಯನ್ನೇ ನೋಡುತ್ತಿದ್ದಳು.

"ಭಾನುವಾರ ಚಾನಲ್ಲಲ್ಲಿ ಟೈಮ್ ಕೊಟ್ಟಾಗಿದೆ, ಮತ್ತೆ ಶೂಟ್ ಮಾಡ್ತಾ ಕೂರೋಕಾಗಲ್ಲ. ಹಿಂಗೇ ಹೋಗ್ಲಿ. ಆದ್ರೆ ಇವನ ಹೆಸ್ರು ತೆಗೀರಿ. ನಾಳೆ ನಾಲ್ಕು ಜನ ಉಗಿದ್ರೆ ಇವನಿಗೇ ಕಷ್ಟ."

ಕೇದಾರ್ ನನ್ನ ಕಡೆ ನೋಡಿದ. ಅವನು ಒಂದೇ ಒಂದು ಕೀಲಿ ಒತ್ತಿದ. ಅಷ್ಟೇ, ಹೋಯಿತು. ನನ್ನ ಹೆಸರು ಟಿವಿಯಲ್ಲಿ ಬರುತ್ತದೆಂದು ಸೋದರಮಾವ ಅಜ್ಮತ್ ಮಾಮು ರಸೆಲ್ ಮಾರ್ಕೆಟಿನ ಅರ್ಧ ಜನಕ್ಕೆ ಹೇಳಿಟ್ಟಿದ್ದರು. ಅಮ್ಮಿ ಪಕ್ಕದ ಮನೆಯವರನ್ನು ಭಾನುವಾರ ಚಹಾಕ್ಕೆ ಕರೆದಿದ್ದರು.

ಆ ಮನುಷ್ಯನ ಕುತ್ತಿಗೆ ಪಟ್ಟಿ ಹಿಡಿಯಬೇಕಿತ್ತು. ಕೈ ಏಳಲಿಲ್ಲ. ಯಾಕೆಂದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಒಂಬತ್ತನೇ ಕ್ಲಾಸು ಬಿಟ್ಟ ವರ್ಷ, ಅಂದರೆ ತೊಂಬತ್ಮೂರರಲ್ಲಿ, ಮಾಮು ನನ್ನ ಹೆಗಲ ಮೇಲೆ ಕ್ಯಾಮೆರಾ ಇಟ್ಟರು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ವಿಡಿಯೋ ಅಂಗಡಿ. ನಮ್ಮಲ್ಲಿ ಮದುವೆಯೆಂದರೆ ಗಂಡಸರ ಕಡೆ ಒಂದು, ಹೆಂಗಸರ ಕಡೆ ಒಂದು, ನಡುವೆ ಪರದೆ. ಹೆಂಗಸರ ಕಡೆಯದೂ ಕ್ಯಾಸೆಟ್ ಬೇಕು, ಆದರೆ ಒಳಗೆ ಗಂಡಸು ಹೋಗುವಂತಿಲ್ಲ. "ಅಂದರ್ ಜಾನಾ ನಕ್ಕೊ, ಖಾಲಿ ಕ್ಯಾಸೆಟ್ ಲಾನಾ ನಕ್ಕೊ" ಎನ್ನುತ್ತಿದ್ದರು ಮಾಮು. ಒಳಗೆ ಹೋಗಲೂ ಬಾರದು, ಖಾಲಿ ಕ್ಯಾಸೆಟ್ ತರಲೂ ಬಾರದು. ಹಾಗಾದರೆ ಏನು ಮಾಡೋದು ಎಂದರೆ, "ಆಂಖಾ ನೈ ಕ್ಯಾ ತೇರೇಕು?", ಕಣ್ಣಿಲ್ಲವಾ ನಿನಗೆ, ಎಂದು ಬೈದರು.

ನನಗೆ ಕಂಡದ್ದು ಹೊಸ್ತಿಲ ಹೊರಗಿನ ಚಪ್ಪಲಿ. ಬೆಳಿಗ್ಗೆ ನಾಲ್ಕೇ ಜೊತೆ, ಮನೆಯವರದ್ದು. ಹತ್ತು ಗಂಟೆಗೆ ಅತ್ತೆಮನೆಯವರ ಜರಿ ಹಾಕಿದ ಚಪ್ಪಲಿಗಳು ಬಂದು ಅವನ್ನು ಮೂಲೆಗೆ ತಳ್ಳುತ್ತವೆ. ನಿಕಾಹ್ ಹೊತ್ತಿಗೆ ಒಂದರ ಮೇಲೊಂದು ರಾಶಿ. ಸಂಜೆ ರಾಶಿ ಕರಗುತ್ತದೆ. ಯಾರು ಅವಸರದಲ್ಲಿ ಬಂದರು, ಯಾರ ಮನೆಯಲ್ಲಿ ಕೈ ಬಿಗಿ, ಯಾವ ಮುದುಕಿಗೆ ಕಾಲು ಊದಿದೆ, ಎಲ್ಲ ಅಲ್ಲೇ ಕಾಣುತ್ತದೆ. ಎಂಟು ವರ್ಷ ಅದನ್ನೇ ತೆಗೆದೆ. ಪ್ರತಿ ಸಲ ಚಿತ್ರ ಜೋಡಿಸುವ ಮಿಕ್ಸಿಂಗ್‌ನಲ್ಲಿ ಅಲ್ಲಿನ ಗದ್ದಲವನ್ನೆಲ್ಲ ಅಳಿಸಿ ಮೇಲೆ ಹಾಡು ಹಾಕುವುದು. ಮದುವೆ ಕ್ಯಾಸೆಟ್ಟಿನಲ್ಲಿ ಯಾರ ಬಾಯಿಗೂ ಯಾವ ದನಿಗೂ ಸಂಬಂಧ ಇರುವುದಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ.

ಕೇದಾರ್ ಆ ಕ್ಯಾಸೆಟ್‌ಗಳನ್ನು ನೋಡಿದ್ದ. ಎರಡು ಸಾವಿರದ ಒಂದರಲ್ಲಿ ಚಂದ್ರಶೇಖರಯ್ಯನವರಿಗೆ ಅವನೇ ನನ್ನ ಹೆಸರು ಹೇಳಿದ. ಎರಡು ದಿನದ ಶೂಟಿಂಗು, ಕಾಕ್ಸ್ ಟೌನಿನಲ್ಲಿ ಫ್ಲ್ಯಾಟಿಗಾಗಿ ಕೆಡವಲಿಕ್ಕಿದ್ದ ಒಂದು ಹಳೇ ಮನೆ.

ಮೊದಲ ದಿನ ಶಿವಾನಿಗೆ ಬೇರೆ ಕಡೆ ರೆಕಾರ್ಡಿಂಗ್ ಇತ್ತು, ಬರಲಿಲ್ಲ. ಸುಮ್ಮನೆ ಕೂರುವುದು ಯಾಕೆಂದು ಆ ಮನೆಯ ಬಾಗಿಲಲ್ಲಿ ಚಪ್ಪಲಿ ಜೋಡಿಸಿದೆ. ಅಕ್ಕಪಕ್ಕದ ಮನೆಗಳಿಂದ ತಂದೆ, ರಸೆಲ್ ಮಾರ್ಕೆಟಿನ ಹತ್ತಿರದ ಅಂಗಡಿಯಿಂದ ತಂದೆ. ನಾಲ್ಕು ಜೊತೆ, ಹತ್ತು, ನಲವತ್ತು. ಬಿಸಿಲು ಜಗಲಿ ದಾಟಿ ಹೋಗುವವರೆಗೆ ತೆಗೆದೆ. ಕಡೆಗೆ ಎಲ್ಲವನ್ನೂ ಎತ್ತಿಸಿ, ಸವೆದ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಮಾತ್ರ ಬಿಟ್ಟೆ. ಹುಡುಗಿ ಹೊಸ ಚಪ್ಪಲಿ ಮೆಟ್ಟಿ ಹೋದಳು, ಹಳೆಯದು ಇಲ್ಲೇ ಉಳಿಯಿತು ಅಂತ.

ಎರಡನೇ ದಿನ ಶಿವಾನಿ ಬಂದಳು. ಹತ್ತೊಂಬತ್ತು ವರ್ಷ, ಮೊದಲ ಕ್ಯಾಸೆಟ್ಟು. ಕಿಟಕಿಯ ಪಕ್ಕ ಕೂರಿಸಿದೆ.

"ಸರ್, ಹಾಡು ಹಾಕಲ್ವಾ?" ಎಂದಳು.

"ನಿಮಗೆ ಬಾಯಿಪಾಠ ಅಲ್ವಾ? ಹಾಡಿ. ಹಾಡು ಆಮೇಲೆ ಹಾಕ್ಕೋತೀನಿ."

ಅವಳು ಹಾಡಿದಳು. ಬೆಳಿಗ್ಗೆಯಿಂದ ಸಂಜೆವರೆಗೆ ಹನ್ನೊಂದು ಸಲ. ಒಂದು ಸಲ ತಡೆತಡೆದು, ಒಂದು ಸಲ ಅಳು ಬಂದ ಹಾಗೆ ಆಗಿ ಬೇಗ ಬೇಗ. ಒಂದು ಹೆಣ್ಣಿನ ಮುಖವನ್ನು ಅಷ್ಟು ಹತ್ತಿರದಿಂದ ನಾನು ಕ್ಯಾಮೆರಾದಲ್ಲಿ ನೋಡಿದ್ದು ಅದೇ ಮೊದಲು. ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂತು.

ಮಿಕ್ಸಿಂಗ್‌ನಲ್ಲಿ ಕೇದಾರ್ ಅವಳ ಮುಖದ ಮೇಲೆ ಹಾಡು ಕೂರಿಸಿದ. ತುಟಿ ಒಂದು ಕಡೆ, ಪದ ಒಂದು ಕಡೆ. ಬೇರೆ ಟೇಕ್ ಹಾಕಿದ. ಅದೂ ಹಾಗೇ. ಹನ್ನೊಂದನ್ನೂ ಹಾಕಿ ನೋಡಿದ.

"ಮಗಾ, ಶೂಟಿಂಗಲ್ಲಿ ಹಾಡು ಹಾಕಿರ್ಲಿಲ್ವಾ ನೀನು? ಟೇಪ್ ರೆಕಾರ್ಡರ್ ತಗೊಂಡ್ ಹೋಗಿರ್ಲಿಲ್ವಾ?"

"ಯಾಕೆ? ಹಾಡು ಇಲ್ಲೇ ತಾನೆ ಹಾಕೋದು?"

ಅವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ಕ್ಯಾಸೆಟ್ಟಲ್ಲಿರೋ ಹಾಡಿಗೇ ತುಟಿ ಆಡ್ಸಬೇಕು ಗುರು. ಅವಳಿಷ್ಟಕ್ಕೆ ಅವಳು ಹಾಡಿದ್ರೆ ಹೆಂಗೆ ಕೂರತ್ತೆ? ಬೀದೀಲಿ ಹೋಗೋರಿಗೂ ಗೊತ್ತು ಇದು."

ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಲ್ಲಿ ಒಬ್ಬರ ತುಟಿಗೂ ಹಾಡು ಕೂಡಿಸಿದವನಲ್ಲ ನಾನು.

"ಮುಖ ಬಿಟ್ರೆ ಏನೈತೆ ನಿನ್ ಹತ್ರ?"

"ಚಪ್ಪಲಿ ಇದೆ."

ಬಯ್ಯುತ್ತಲೇ ಅದನ್ನು ಜೋಡಿಸಿದ. ಕಡೆಗೆ ಆ ನೀಲಿ ಹವಾಯಿ ಬಂದಾಗ ಬಯ್ಯುವುದು ನಿಲ್ಲಿಸಿದ. ಅದನ್ನೇ ಇನ್ನೊಮ್ಮೆ ಓಡಿಸಿ ನೋಡಿ, "ಇದ್ರಲ್ಲಿ ಏನೋ ಐತೆ ಮಗಾ" ಎಂದ.

ಹೆಸರು ಹೋದ ದಿನ, ಆ ಕಟ್ಟಡದ ಮೆಟ್ಟಿಲ ಬಳಿ ಶಿವಾನಿ ನನಗಾಗಿ ನಿಂತಿದ್ದಳು. ಅವಳ ತಾಯಿ ಆಟೋ ಹಿಡಿಯುತ್ತಿದ್ದರು.

"ಸರ್, ಒಂದು ಕೇಳ್ಲಾ? ನನ್ನ ಮುಖ ಕ್ಯಾಮೆರಾಕ್ಕೆ ಚೆನ್ನಾಗಿಲ್ವಾ? ಇಡೀ ದಿನ ತೆಗೆದ್ರಲ್ಲ, ಅದಕ್ಕೇ ಕೇಳ್ದೆ."

"ಹಾಗಲ್ಲ" ಎಂದೆ. ತಪ್ಪು ನನ್ನದು ಎನ್ನುವುದು ಎರಡೇ ಪದ. ಬಾಯಿಗೆ ಬರಲಿಲ್ಲ. ಆಟೋ ಬಂತು, ಹೋದಳು.

ಭಾನುವಾರ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಟಿವಿ ಮುಂದೆ ಕೂತರು. ಹಾಡು ಬಂತು, ಮುಗಿಯಿತು. ಹೆಸರು ಇಲ್ಲ. ಪಕ್ಕದ ಮನೆಯವರು ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ, ನಾನು ಸುಳ್ಳುಗಾರ ಎಂಬಂತೆ ನೋಡಿ ಹೋದರು. ಕೊನೆಗೆ ಆ ನೀಲಿ ಹವಾಯಿ ಬಂದಾಗಲೇ ಅಮ್ಮಿ ಎದ್ದು ಅಡುಗೆಮನೆಗೆ ಹೋಗಿದ್ದರು.

"ಮಜೀದಾ ಚಪ್ಪಲಿ ಅದು" ಎಂದರು ಮಾಮು.

ಮಜೀದಾ ನನ್ನ ಅಕ್ಕ. ತೊಂಬತ್ತೇಳರಲ್ಲಿ ಮದುವೆಯಾಗಿ ಹೈದರಾಬಾದಿಗೆ ಹೋದಳು. ಅವಳ ಹಳೇ ಹವಾಯಿ ಬಾಗಿಲಲ್ಲೇ ತಿಂಗಳುಗಟ್ಟಲೆ ಇತ್ತು. ಗುಡಿಸುವಾಗ ಅಮ್ಮಿ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಅದರ ಪಟ್ಟಿ ನೀಲಿ.

ಶೂಟಿಂಗ್ ದಿನ ನನಗೆ ಅಕ್ಕನ ನೆನಪೇ ಬಂದಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಚಪ್ಪಲಿ ಅಂಗಡಿಯಲ್ಲಿ ಹಸಿರು ಪಟ್ಟಿಯದೂ ಇತ್ತು, ಕೆಂಪೂ ಇತ್ತು. ನೀಲಿಯನ್ನೇ ಯಾಕೆ ಎತ್ತಿಕೊಂಡೆ? ಹೊಸದನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸವೆಸಿದವನು ನಾನೇ. ಆ ಹಿಮ್ಮಡಿಯ ಗುಳಿ ಅಷ್ಟು ಸರಿಯಾಗಿ ಹೇಗೆ ಬಂತು?

ಆಮೇಲೆ ಆದದ್ದು ಯಾರಿಗೂ ಅರ್ಥವಾಗಲಿಲ್ಲ. ಹಾಡು ಹಿಡಿಯಿತು. ಜನ ಚಾನಲ್ಲಿಗೆ ಫೋನ್ ಮಾಡಿ 'ಆ ಚಪ್ಪಲಿ ಹಾಡು' ಹಾಕಿ ಅಂದರಂತೆ. ಲಿಂಗರಾಜಪುರದಲ್ಲಿ ಒಂದು ಮದುವೆಮನೆಯವರು ನಮಗೂ ಹಾಗೇ ಬೇಕೆಂದು ಮಾಮುವಿನ ಅಂಗಡಿಗೆ ಬಂದರು. ಭಕ್ತಿಗೀತೆಯ ಕಂಪನಿಯ ಅಮರಪ್ಪ ಎಂಬವರು ಫೋನ್ ಮಾಡಿ, "ನಮ್ ದೇವ್ರ ಹಾಡಿಗೂ ಅದೇ ಥರ ಮಾಡ್ಕೊಡಿ. ಚಪ್ಪಲಿ ಮಾತ್ರ ಬೇಡ, ಹೊಡೀತಾರೆ. ಪಾದುಕೆ ಇಡೋಣ" ಎಂದರು. ನಾನು ಮಾಡಿಯೂ ಕೊಟ್ಟೆ. ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗಿದ್ದೆ. ತುಟಿ ಸರಿಯಾಗಿ ಕೂತಿತು. ಯಾರೂ ಅದನ್ನು ನೋಡಲಿಲ್ಲ.

ಪೇಪರಿನಲ್ಲಿ ಚಂದ್ರಶೇಖರಯ್ಯನವರ ಮಾತು ಬಂತು. ಮುಖ ತೋರಿಸದೆಯೇ ಕಥೆ ಹೇಳಬೇಕೆಂಬುದು ಮೊದಲಿನಿಂದಲೂ ತಮ್ಮ ಸಂಸ್ಥೆಯ ಆಲೋಚನೆಯಾಗಿತ್ತಂತೆ. ಆ ಪೇಪರನ್ನು ಹರಿದು ಎಸೆದೆ. ಆಮೇಲೆ ಆರಿಸಿ ಜೋಡಿಸಿ ಮತ್ತೊಮ್ಮೆ ಓದಿದೆ. ನನ್ನ ಬಗ್ಗೆ ಹೇಳಿಕೊಳ್ಳಲು ಅಷ್ಟು ಒಳ್ಳೆಯ ವಾಕ್ಯ ನನ್ನ ಹತ್ತಿರ ಇರಲಿಲ್ಲ.

ನಾಲ್ಕನೇ ತಿಂಗಳು ಇಂದಿರಾನಗರದ ಒಂದು ಹಾಲ್‌ನಲ್ಲಿ ಸಮಾರಂಭ ಇಟ್ಟರು. ಹೆಸರು ವಾಪಸ್ ಹಾಕುತ್ತಾರಂತೆ, ಹೊಸ ವಿಸಿಡಿ ಬರುತ್ತದಂತೆ ಎಂದು ಕೇದಾರ್ ಹೇಳಿದ. ಇನ್ನೊಂದೂ ಹೇಳಿದ. "ಆ ಶಿವಾನಿ ಈಗೀಗ ಸ್ಟೇಜಲ್ಲಿ ಹಾಡ್ವಾಗ ಪುಸ್ತಕಾನ ಮುಖಕ್ಕೆ ಅಡ್ಡ ಹಿಡ್ಕೋತಾಳೆ ಮಗಾ. ಬಾಯಿಪಾಠ ಇದ್ರೂ."

ಹೊರಡುವಾಗ ಅಂಗಡಿಯ ಬೀರುವಿನಿಂದ ಎರಡನೇ ದಿನದ ಟೇಪನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಹನ್ನೊಂದು ಟೇಕೂ ಅದರಲ್ಲಿದ್ದವು.

ಹಾಲ್‌ನ ಬಾಗಿಲಲ್ಲಿ ಒಂದೂ ಚಪ್ಪಲಿ ಇರಲಿಲ್ಲ. ಎಲ್ಲರೂ ಮೆಟ್ಟಿಕೊಂಡೇ ಒಳಗೆ ಕೂತಿದ್ದರು. ಶಿವಾನಿ ಹಾಡಿದಳು, ಪುಸ್ತಕ ಮೂಗಿನ ಮಟ್ಟಕ್ಕಿತ್ತು. ಸಿನಿಮಾ ಪಾಠ ಹೇಳುವ ಒಬ್ಬರು ಮಾತಾಡಿ, ತೋರಿಸದೆ ಇರುವುದೇ ದೊಡ್ಡ ಕಥನತಂತ್ರ, ಈ ನಿರ್ದೇಶಕನಿಗೆ ಅದು ತಿಳಿದಿದೆ ಎಂದರು. ಮುಂದಿನ ಸಾಲಿನಲ್ಲಿ ಅಜ್ಮತ್ ಮಾಮು ಇಸ್ತ್ರಿ ಮಾಡಿದ ಶೇರ್ವಾನಿಯಲ್ಲಿ ಎದೆ ಉಬ್ಬಿಸಿ ಕೂತಿದ್ದರು. ಕಥನತಂತ್ರ ಎಂದರೇನೆಂದು ಅವರು ಪಕ್ಕದವರನ್ನು ಕೇಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಚಂದ್ರಶೇಖರಯ್ಯ ನನ್ನನ್ನು ಮೇಲೆ ಕರೆದರು. ಶಾಲು ಹೊದಿಸಿದರು. ಹಿಂದಿನ ಪರದೆಯ ಮೇಲೆ, ನನಗಿಂತ ದೊಡ್ಡದಾಗಿ, 'ನಿರ್ದೇಶನ: ಸಕ್ಲೇನ್' ಎಂದು ಬಂತು. ಜನ ಚಪ್ಪಾಳೆ ತಟ್ಟಿದರು.

"ನಮ್ ಹುಡುಗ" ಎಂದರು ಅವರು ಮೈಕಿನಲ್ಲಿ. "ಹೇಳಪ್ಪಾ ಸಕ್ಲೇನ್, ಎಲ್ರೂ ಕೇಳ್ತಿದಾರೆ. ಆ ಹುಡುಗಿ ಮುಖ ಯಾಕೆ ತೋರಿಸ್ಲಿಲ್ಲ? ಎರಡು ಮಾತು ಹೇಳ್ಬಿಡು."

ಮೈಕು ನನ್ನ ಕೈಗೆ ಬಂತು. ಬೇಕೆಂದೇ ಮಾಡಿದೆ ಎಂದರೆ ಹೆಸರು ಉಳಿಯುತ್ತದೆ. ಟೇಪ್ ರೆಕಾರ್ಡರ್ ಒಯ್ಯುವುದು ಗೊತ್ತಿರಲಿಲ್ಲ ಎಂದರೆ ಮತ್ತೆ ಚಪ್ಪಲಿ ಕಾಯೋನು. ಆದರೆ ಎರಡನೆಯದು ಪೂರ್ತಿ ನಿಜವಾ? ತುಟಿ ಸರಿ ಕೂತಿದ್ದರೆ ನಾನು ಆ ನೀಲಿ ಹವಾಯಿಯನ್ನು ಬಿಸಾಡುತ್ತಿದ್ದೆನಾ? ಮೊದಲ ದಿನ ಅದನ್ನು ಅಲ್ಲಿಟ್ಟವನು ಯಾರು, ಮಾಮು ಕಲಿಸಿದ ಕ್ಯಾಮೆರಾದವನಾ, ಅಮ್ಮಿಯ ಮಗನಾ?

ಮುಂದಿನ ಸಾಲಿನಲ್ಲಿ ಶಿವಾನಿ ಪುಸ್ತಕವನ್ನು ತೊಡೆಯ ಮೇಲಿಟ್ಟು, ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಇಡೀ ಹಾಲ್‌ನಲ್ಲಿ ಉತ್ತರ ನಿಜವಾಗಿ ಬೇಕಿದ್ದದ್ದು ಅವಳೊಬ್ಬಳಿಗೆ.

ಮೈಕನ್ನು ಮೇಜಿನ ಮೇಲಿಟ್ಟೆ. ಶಾಲನ್ನೂ ಇಟ್ಟೆ. ಮೆಟ್ಟಿಲಿಳಿದು ಅವಳ ಮುಂದೆ ಬಂದು, ಜೇಬಿನ ಟೇಪನ್ನು ತೆಗೆದು ಅವಳ ಪುಸ್ತಕದ ಮೇಲಿಟ್ಟೆ. ಅದರಲ್ಲಿ ಅವಳ ಮುಖ ಇದೆ. ನನ್ನ ತಪ್ಪೂ ಇದೆ, ಯಾರು ಹಾಕಿ ನೋಡಿದರೂ ಕಾಣುವ ಹಾಗೆ.

"ಸರ್, ಏನಿದು?" ಎಂದಳು.

"ಏಯ್ ಸಕ್ಲೇನ್, ಎಲ್ಲಿಗಯ್ಯಾ?" ಎಂದು ಹಿಂದಿನಿಂದ ಮೈಕು ಕೂಗಿತು. ಯಾರೋ ನಕ್ಕರು. ಮಾಮು ಅರ್ಧ ಎದ್ದು, "ಕ್ಯಾ ಹುವಾ ರೇ?" ಎಂದರು.

ನಾನು ಬಾಗಿಲ ಕಡೆ ನಡೆದೆ, ಬಾಗಿಲು ದಾಟಿ ಹಲಸೂರಿನ ಕಡೆಯ ರಸ್ತೆಗೆ.