ಉಷ್ಣತೆ ಏಳಲಿಲ್ಲ

ಸೂತ್ರವನ್ನು ಗಿಣಿಪಾಠದ ಹಾಗೆ ಒಪ್ಪಿಸುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅನಿಲಕ್ಕೆ ಒತ್ತಡ, ಗಾತ್ರ, ಉಷ್ಣತೆ ಎಂದು ರಾಗವಾಗಿ ಹೇಳುತ್ತಾರೆ. ಯಾವುದು ಏರಿದರೆ ಯಾವುದು ಇಳಿಯುತ್ತದೆ ಎಂದು ಕೇಳಿದರೆ ಸೂರು ನೋಡುತ್ತಾರೆ. ಅದಕ್ಕೇ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಒಂದು ದಿನ ಮೂವರನ್ನು ಎದುರಿಗೆ ಕೂರಿಸಿದೆ. ಕಂಪಲಾಪುರದಿಂದ ಬರುತ್ತಿದ್ದ ಚಿಕ್ಕಣ್ಣ ಒತ್ತಡ, ಮಂಟಯ್ಯ ಗಾತ್ರ, ಸರ್ವಮಂಗಳ ಉಷ್ಣತೆ. ಏರಿದವರು ಏಳಬೇಕು, ಇಳಿದವರು ಕೂರಬೇಕು. ಉಷ್ಣತೆ ಕದಲದೆ ಇದ್ದರೆ ಗಾತ್ರ ಕೂತಾಗ ಒತ್ತಡ ಏಳುತ್ತದೆ, ಬಾವಿಯ ಏತದ ಹಾಗೆ.

"ಬೆಂಕಿ ಹಚ್ಚೋವರೆಗೂ ಯಾರೇ ಬರಲಿ, ನೀನು ಏಳಬಾರದು ಕಣಮ್ಮ" ಎಂದು ಸರ್ವಮಂಗಳಳಿಗೆ ಹೇಳಿದೆ.

ಅಷ್ಟರಲ್ಲಿ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರೇ ಬಂದರು. ನನ್ನದು ಇನ್ನೂ ಕಾಯಂ ಆಗದ ಕೆಲಸ. "ಶಿವನಂಜಪ್ಪನೋರೇ, ಸಾಹೇಬ್ರು ಸ್ವಲ್ಪ ಮುಖ ಸಿಂಡರಿಸಿದ್ರೂ ನಿಮ್ಮನ್ನ ಉಳಿಸ್ಕೊಳ್ಳಾಕಾಗಲ್ಲ ಕಣ್ರೀ" ಎಂದು ಹೆಡ್ಮಾಸ್ಟರ್ ಕಂಠಪ್ಪನವರು ಬೆಳಿಗ್ಗೆಯೇ ಅಂದಿದ್ದರು.

ತರಗತಿಯೆಲ್ಲ ಎದ್ದು ನಿಂತಿತು. ಒತ್ತಡ, ಗಾತ್ರ ಎರಡೂ ಒಟ್ಟಿಗೆ ಎದ್ದವು, ದೇವರಿಗೇ ಪ್ರೀತಿ. ಸರ್ವಮಂಗಳ ಮಾತ್ರ ಕೂತಲ್ಲೇ ಕೈಮುಗಿದಳು. ಸಾಹೇಬರ ಹಿಂದೆ ನಿಂತಿದ್ದ ಕಂಠಪ್ಪನವರ ಕಣ್ಣು ಕೆಂಪಾಯಿತು.

"ಯಾಕಮ್ಮ, ಏಳೋದಿಲ್ವೆ?" ಎಂದರು ಸಾಹೇಬರು.

"ನಾನು ಉಸ್ಣತೆ ಸಾ. ನಾನೆದ್ರೆ ಇವ್ರ ಲೆಕ್ಕ ಕೆಟ್ಟೋಯ್ತದೆ."

"ಮತ್ತೆ ನಿನ್ನ ಎಬ್ಬಿಸೋದು ಯಾರು?"

"ಬೆಂಕಿ ಸಾ."

ಸಾಹೇಬರು ಜೇಬಿಗೆ ಕೈಹಾಕಿ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದರು. ಸರ್ವಮಂಗಳ ಎದ್ದು ನಿಂತಳು. ಅವರು ಹುಡುಗರ ಕಡೆ ತಿರುಗಿ, "ಬಿಸಿ ಏರಿತು. ಈಗ ನಿಮ್ಮಿಬ್ಬರಲ್ಲಿ ಏರೋರು ಯಾರು?" ಎಂದರು.

ನಾನು ಅಲ್ಲಿಯವರೆಗೆ ಪಾಠ ಮಾಡಿರಲೇ ಇಲ್ಲ. ಇನ್ನು ಗಂಟುಮೂಟೆ ಕಟ್ಟುವುದೇ ಸೈ ಎಂದುಕೊಂಡೆ.

ಮಂಟಯ್ಯ ತಲೆ ಕೆರೆದುಕೊಂಡ. "ಅನಿಲ ಇರೋ ಪಾತ್ರೆ ಮುಚ್ಚಳ ಬಿಗಿಯಾಗಿ ಅದೋ, ಸಡ್ಲವಾಗಿ ಅದೋ ಸಾ? ಬಿಗಿಯಾಗಿದ್ರೆ ನಾನು ಅಲ್ಲಾಡಾಕಾಗಲ್ಲ, ಚಿಕ್ಕಣ್ಣನೇ ಏರ್ಬೇಕು. ಅದ್ನ ಮೊದ್ಲು ನೀವು ಹೇಳ್ಬೇಕು."

ಕಡ್ಡಿ ಸಾಹೇಬರ ಬೆರಳಿನ ತನಕ ಉರಿಯಿತು. ಅದನ್ನು ಕೊಡವಿ ಎಸೆದು, "ಬಿಗಿಯಾಗಿದೆಯಪ್ಪ" ಎಂದರು. ಚಿಕ್ಕಣ್ಣ ಬೆಂಚು ಹತ್ತಿ ನಿಂತ.

"ಈ ಪ್ರಶ್ನೆ ನೀವು ಹೇಳಿಕೊಟ್ಟಿದ್ದಾ, ಮೇಷ್ಟ್ರೇ?"

ಹೌದು ಅಂದರೆ ಕೆಲಸ ಉಳಿಯುತ್ತದೆ ಅನ್ನಿಸಿತು. ಆದರೆ ಮಂಟಯ್ಯ ನನ್ನನ್ನೇ ನೋಡುತ್ತಿದ್ದ. ಅವನ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿಬಂತು.

"ಇಲ್ಲ ಸಾರ್. ಅವನೇ ಕೇಳಿದ್ದು."

"ಹಾಗಾದರೆ, ತಾವಾಗೇ ಕೇಳೋ ಇಂಥ ಮಕ್ಕಳಿಗೆ ನೀವೇ ಬೇಕು" ಎಂದು ಸಾಹೇಬರು ಕಂಠಪ್ಪನವರ ಮುಖ ನೋಡಿದರು.