ವಾಸನೆಯ ಪಾಲು

"ಉಸಿರು ಬಿಟ್ಟು ಹತ್ತು," ಎಂದಳು ಗೌಹರ್.

ಉಸಿರಿಗೂ ತೂಕವಿದೆ ಎಂದು ನಂಬುವವರ ಮನೆ ಅದು. ಕೈಸರ್ ಉಸಿರು ಬಿಟ್ಟು, ಕೈಗಡಿಯಾರ ಬಿಚ್ಚಿ ಕಿಟಕಿಯಂಚಿನ ಮೇಲಿಟ್ಟು, ಗಾಜಿನ ತೂಕಯಂತ್ರದ ಮೇಲೆ ನಿಂತ. "ಶುಭೋದಯ, ಕೈಸರ್," ಎಂದಿತು ಯಂತ್ರ, ಹೆಣ್ಣು ದನಿಯಲ್ಲಿ. ತೂಕದಿಂದಲೇ ಆಳನ್ನು ಗುರುತು ಹಿಡಿಯುವ ಯಂತ್ರ. ಮದುವೆಯಾಗಿ ಹದಿನೈದು ವರ್ಷದ ಮೇಲೆ ಈ ಮನೆಯಲ್ಲಿ ಅವನ ಹೆಸರನ್ನು ಇಷ್ಟು ಮೃದುವಾಗಿ ಕರೆಯುವುದು ಅದೊಂದೇ ಎಂದು ಅವನಿಗೆ ಅನಿಸಿತು.

"ಇನ್ನೂರು ಗ್ರಾಂ ಏರಿದೀಯ," ಎಂದಳು ಗೌಹರ್, ಫೋನಿನಿಂದ ತಲೆಯೆತ್ತದೆ.

"ನೀರಿರಬೇಕು."

"ಎಲ್ಲರದ್ದೂ ನೀರೇ."

ಶುಕ್ರವಾರದ ತೂಕ. ಮನೆಯ ನಾಲ್ವರ ತೂಕವನ್ನೂ ಕೂಡಿಸಿ 'ಹಗುರ ಕುಟುಂಬ' ಎಂಬ ಫೋನ್ ಗುಂಪಿಗೆ ಕಳಿಸಬೇಕು. ಅಲ್ಮಾತಿ ನಗರದಲ್ಲಿ ಪುರುಸೊತ್ತಿಲ್ಲದ ಮನೆಗಳೆಲ್ಲ ಈಗ ಇಂಥದೊಂದು ಗುಂಪಿನಲ್ಲಿವೆ. ಗೌಹರ್ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವವಳು. ಭಾನುವಾರ ಒಂದೇ ಉಸಿರಿಗೆ ವಾರದ ಅಡುಗೆ ಮುಗಿಸಿ, ಹಬೆಯಲ್ಲಿ ಬೆಂದ ಕೋಳಿ, ಉಪ್ಪಿಲ್ಲದ ಗ್ರೆಚ್ಕಾ ಕಾಳು, ಹಸಿರು ಹೂಕೋಸನ್ನು ಡಬ್ಬಿಗಳಲ್ಲಿ ತುಂಬಿ, ಡಬ್ಬಿಯ ಮೇಲೆ ಹೆಸರು ಬರೆದು ಜೋಡಿಸಿಡುತ್ತಾಳೆ. ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಕೈಸರನಿಗೆ ಆಸ್ಪತ್ರೆಯ ಶವಾಗಾರದ ನೆನಪಾಗುತ್ತದೆ. ಹಾಗೆಂದು ಹೇಳುವ ಎದೆಗಾರಿಕೆ ಅವನಿಗಿಲ್ಲ. ಹಿಟ್ಟು, ಎಣ್ಣೆ, ಸಕ್ಕರೆ ಮನೆಯಿಂದ ಹೋಗಿ ವರ್ಷವಾಗುತ್ತ ಬಂತು. ಬಾಣಲೆಯನ್ನು ಮೆಟ್ಟಿಲು ಗುಡಿಸುವವಳಿಗೆ ಕೊಟ್ಟಾಯಿತು. ಗೌಹರ್ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಲ್ಲರ ತಟ್ಟೆ ಕಾಯುತ್ತಾಳೆ.

ಹದಿಮೂರು ವರ್ಷದ ಮಗಳು ಇಂಜು ಹತ್ತಿದಳು, ಇಳಿದಳು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಶಾಲೆಯ ಚೀಲದಲ್ಲಿ ಚಾಕೊಲೇಟಿನ ಕಾಗದಗಳಿರುವುದು ಕೈಸರನಿಗೆ ಗೊತ್ತು. ಗೌಹರಳ ಕಾರಿನ ಸೀಟಿನ ಕೆಳಗೆ ಹಲ್ವದ ಪುಡಿ ಉದುರಿರುವುದೂ ಗೊತ್ತು. ತಾನು ವಿಶ್ವವಿದ್ಯಾಲಯದ ಹಿಂದಿನ ಗಲ್ಲಿಯಲ್ಲಿ ಮಾಂಸ ತುಂಬಿದ ಸಂಸಾ ತಿಂದು, ಬೆರಳುಗಳನ್ನು ಒದ್ದೆ ಕಾಗದದಲ್ಲಿ ಒರೆಸಿಕೊಂಡು ಮನೆಗೆ ಬರುವುದು ಯಾರಿಗೆ ಗೊತ್ತೋ ಇಲ್ಲವೋ, ಅದು ಅವನಿಗೆ ಗೊತ್ತಿಲ್ಲ.

ಕಡೆಗೆ ಕೈಸರನ ಅಮ್ಮ ಕುಲ್ಯಾಶ್ ಬಂದಳು. ಬಳೆ ತೆಗೆದಳು, ತಲೆವಸ್ತ್ರ ತೆಗೆದಳು, ನಮಾಜಿಗೆ ನಿಲ್ಲುವವಳ ಹಾಗೆ ಯಂತ್ರದ ಮೇಲೆ ಪಾದ ಜೋಡಿಸಿ ನಿಂತಳು. ಯಂತ್ರ ಒಂದು ಗಳಿಗೆ ಯೋಚಿಸಿತು.

"ಸ್ವಾಗತ, ಅತಿಥಿ," ಎಂದಿತು.

ಗೌಹರ್ ನಕ್ಕಳು. ಗಂಡನ ಹಾಗೆ ಅವಳೂ ಅತ್ತೆಯನ್ನು 'ಅಪಾ' ಎನ್ನುತ್ತಾಳೆ, ಅಮ್ಮ ಎಂದು. "ಅಪಾ, ಅದಕ್ಕೆ ನಿಮ್ಮ ಗುರುತೇ ಸಿಗಲಿಲ್ಲ. ಅಷ್ಟು ಇಳಿದಿದೀರ. ಈ ವಾರಾನೂ ನೀವೇ ಮೊದಲು."

"ಅತಿಥಿನಾ ನಾನು?" ಎಂದಳು ಕುಲ್ಯಾಶ್. "ಹಂಗಾದ್ರೆ ಅತಿಥಿಗಂತ ಇಡೋ ಕುರಿಬಾಲದ ಕೊಬ್ಬಿನ ತುಂಡು ಮುಂದಿಡ್ಬೇಕಾಗಿತ್ತಲ್ಲಮ್ಮ."

ಗೌಹರ್ ಆ ಮಾತನ್ನು ತಮಾಷೆಯೆಂದು ತೆಗೆದುಕೊಂಡು ಗುಂಪಿಗೆ ಕಳಿಸಿದಳು. ಕಾಣದ ಊರಿನ ಕಾಣದ ಹೆಂಗಸರು ಕೆಂಪು ಹೃದಯಗಳನ್ನು ಸುರಿದರು. 'ಇಂಥ ಅಜ್ಜಿ ಎಲ್ಲರ ಮನೆಯಲ್ಲೂ ಇರಲಿ' ಎಂದು ಒಬ್ಬಳು ಬರೆದಳು.

ಇಡೀ ಮನೆಯಲ್ಲಿ ಕದ್ದು ತಿನ್ನದವಳು ಅಮ್ಮ ಒಬ್ಬಳೇ. ಆದ್ದರಿಂದ ಗೆಲ್ಲುತ್ತಿದ್ದಳು. ಅವಳ ಕೊರಳ ಕೆಳಗೆ ಎರಡು ಗುಳಿಗಳು ಬಿದ್ದಿದ್ದವು. ಮದುವೆಯ ಉಂಗುರ ಜಾರದಂತೆ ಒಳಗಡೆ ನೂಲು ಸುತ್ತಿಕೊಂಡಿದ್ದಳು. ಕೈಸರ್ ಅದನ್ನು ನೋಡಿದ, ನೋಡಿ ಗಡಿಯಾರ ಕಟ್ಟಿಕೊಂಡ.

ಅವನು ಬೂಟು ಹಾಕಿಕೊಳ್ಳುವಾಗ ಕುಲ್ಯಾಶ್ ಬಾಗಿಲಿಗೆ ಬಂದು ಗೋಡೆಗೆ ಒರಗಿ ನಿಂತಳು.

"ಇವತ್ತು ಶುಕ್ರವಾರ ಕಣೋ."

"ಹೂಂ ಅಪಾ."

"ನಿಮ್ಮಪ್ಪ ಹೋದ್ಮೇಲೆ ಈ ಮನೇಲಿ ಒಂದ್ಸಲಾನೂ ಎಣ್ಣೆ ಕಾದಿಲ್ಲ."

"ಗೊತ್ತು."

"ಅವರ ಹೆಸರಲ್ಲಿ ಏಳು ರೊಟ್ಟಿ. ಏಳೇ ಏಳು ಶೆಲ್ಪೆಕ್ಕು ಕರಿಯೋದು ಏನು ಮಹಾ? ಅವರೇನು ಬಂದು ತಿಂತಾರಾ? ವಾಸನೆ ತಗೊಂಡು ಹೋಗ್ತಾರೆ ಅಷ್ಟೆ." ಅವಳು ದನಿ ತಗ್ಗಿಸಿದಳು. "ಮೊನ್ನೆ ಕನಸಲ್ಲಿ ಬಂದಿದ್ರು. ನಮ್ಮ ಬಾಗಿಲಲ್ಲಿ ಅಲ್ಲ. ಪಕ್ಕದ ವಲೆಂತಿನಾ ಬಾಗಿಲಲ್ಲಿ, ಟೊಪ್ಪಿಗೆ ಕೈಲಿ ಹಿಡ್ಕೊಂಡು ನಿಂತಿದ್ರು. ಅವಳು ಮೀನು ಕರೀತಿದ್ಲು."

ಕೈಸರನಿಗೆ ನಗು ಬಂತು. ಬಗ್ಗಿ ಬೂಟಿನ ದಾರ ಬಿಗಿದ.

"ನೀನು ತಿಂತಾ ಇಲ್ಲ ಅಪಾ. ಅದಕ್ಕೆ ಇಂಥ ಕನಸು."

"ಅವರು ಹಸ್ಕೊಂಡು ಕಂಡವರ ಬಾಗಿಲು ಕಾಯೋವಾಗ ನನಗೆ ತುತ್ತು ಇಳಿಯತ್ತೇನೋ? ಡಬ್ಬಿ ತೆಗೀತೀನಿ, ಮುಚ್ತೀನಿ." ಸೊಸೆ ಒಳಗಿದ್ದಾಳೆಯೇ ಎಂದು ತಿರುಗಿ ನೋಡಿದಳು. "ಅವಳಿಗೆ ಒಂದ್ಮಾತು ಹೇಳು. ನಾನು ಹೇಳಿದ್ರೆ ಅತ್ತೆ ಕಾಟ ಆಗತ್ತೆ."

"ಹೇಳ್ತೀನಿ."

"ಹೋದ ಶುಕ್ರವಾರಾನೂ ಹಂಗೇ ಅಂದೆ."

"ಹೊತ್ತಾಯ್ತು ಅಪಾ. ರಸ್ತೆ ತುಂಬಿರತ್ತೆ."

ಅವನು ಮೆಟ್ಟಿಲು ಇಳಿಯುವಾಗ ವಲೆಂತಿನಾಳ ಬಾಗಿಲಿನ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಅಲ್ಲಿ ಯಾರೂ ಇರಲಿಲ್ಲ. ಮೀನಿನ ವಾಸನೆ ಮಾತ್ರ ಇತ್ತು. ನಿಂತು ಮೂಸಿದ. ಬಾಯಲ್ಲಿ ನೀರೂರಿತು, ತನ್ನ ಮೇಲೇ ಅಸಹ್ಯವಾಯಿತು.

ಆ ದಿನದ ಪಾಠ, ಯಾರಿಗೆ ಬೇಕಾದರೂ ನಗು ಬರುವಂತೆ, ಸತ್ತವರ ಊಟದ ಬಗ್ಗೆಯೇ ಇತ್ತು. ಜನಪದ ಆಚರಣೆಗಳನ್ನು ಕಲಿಸುವುದು ಕೈಸರನ ಕಸುಬು. ಶೆಲ್ಪೆಕ್ಕಿನ ಕುರಿತು ಅವನದೊಂದು ಪ್ರಬಂಧವಿದೆ, ಅಡಿಟಿಪ್ಪಣಿಗಳೇ ಅರ್ಧ. ಕಾದ ಎಣ್ಣೆಯ ವಾಸನೆ ಇಹಕ್ಕೂ ಪರಕ್ಕೂ ನಡುವಿನ ಸೇತುವೆ, ವಾಸ್ತವದಲ್ಲಿ ಅದು ಉಳಿದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಎಂದು ಅವನು ವಿವರಿಸಿದ. ಊರು ಬಿಟ್ಟು ಹೊರಡುವವನು ಹೊಸ್ತಿಲಲ್ಲಿ ರೊಟ್ಟಿಯ ಒಂದು ತುದಿ ಕಚ್ಚಿ ಬಿಟ್ಟುಹೋಗುವುದು, ಮರಳಿ ಬಂದು ಉಳಿದದ್ದನ್ನು ತಿನ್ನುವವರೆಗೆ ಮನೆಯವರು ಅದನ್ನು ಎತ್ತಿಡುವುದು, ಅದೂ ಇದೇ ಜಾತಿಯದು ಎಂದ. ಹುಡುಗರು ಬರೆದುಕೊಂಡರು.

"ಮೇಷ್ಟ್ರೇ, ನಿಮ್ಮನೇಲಿ ಶುಕ್ರವಾರ ಕರೀತಾರಾ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

"ನಮ್ಮದು ಫ್ಲಾಟು," ಎಂದ ಕೈಸರ್.

ಅದು ಯಾವ ಪ್ರಶ್ನೆಗೆ ಉತ್ತರವೆಂದು ಯಾರಿಗೂ ತಿಳಿಯಲಿಲ್ಲ. ಗಂಟೆ ಹೊಡೆಯಿತು.

ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿದ.

"ಏನು?"

"ಏನಿಲ್ಲ. ಊಟ ಆಯ್ತಾ?"

"ಡಬ್ಬಿ ತೆಗೀತಾ ಇದೀನಿ. ಹೇಳು."

"ಅಮ್ಮ..."

"ಅದನ್ನೇ ಹೇಳೋಣಾಂತಿದ್ದೆ. ಸಂಜೆ ಗುಂಪಲ್ಲಿ ಅಪಾನ ನೇರವಾಗಿ ತೋರಿಸ್ತೀನಿ. ಎಲ್ಲಾರೂ ಅವರನ್ನೇ ನೋಡ್ಬೇಕಂತೆ. ಹೊಸ ತಲೆವಸ್ತ್ರ ಹಾಕ್ಕೊಳ್ಳಕ್ಕೆ ಹೇಳು."

"ಓ."

"ನೀನೇನೋ ಹೇಳ್ತಿದ್ದೆ."

"ಅದೇ. ಅಮ್ಮ ಸ್ವಲ್ಪ ಸೊರಗಿದಾಳೆ ಅಂತ."

"ಸೊರಗಿದಾರಾ? ಅವರ ರಕ್ತದೊತ್ತಡ ನೋಡಿದೀಯಾ, ಹುಡುಗಿ ತರ ಇದೆ." ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು. "ನಮ್ಮಪ್ಪ ತಟ್ಟೆ ಮುಂದೆನೇ ಬಿದ್ದು ಹೋದ್ರು ಕೈಸರ್. ಬಾಯಲ್ಲಿ ಕುದುರೆ ಕೊಬ್ಬಿನ ಕಾಜ಼ಿ ತುಂಡು ಹಂಗೇ ಇತ್ತು. ನಾನೇ ಬೆರಳು ಹಾಕಿ ತೆಗೆದೆ. ನೀನು ನೋಡಿಲ್ಲ."

"ಹೂಂ," ಎಂದ ಕೈಸರ್. ಆ ಕಾಜ಼ಿ ತುಂಡಿನ ಮುಂದೆ ಅವನ ಮಾತು ಯಾವತ್ತೂ ಗೆದ್ದಿಲ್ಲ. ಹೆಂಡತಿಯ ಸತ್ತ ತಂದೆ ಈ ಮನೆಯಿಂದ ಎಣ್ಣೆಯನ್ನು ಓಡಿಸಿದ್ದ. ತನ್ನ ಸತ್ತ ತಂದೆ ಅದೇ ಎಣ್ಣೆಗಾಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಇಬ್ಬರು ಸತ್ತವರ ಜಗಳದಲ್ಲಿ ಬದುಕಿದ್ದ ಗಂಡಸು ತಾನೊಬ್ಬ, ಬಾಯಿಗೆ ಬೀಗ ಹಾಕಿಕೊಂಡವನು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಓದಿದವರಿಗೆ ಹೊಳೆಯುವಂಥ ಉಪಾಯ. ಮಸೀದಿಯ ಬಳಿ ಹೆಂಗಸರು ಶೆಲ್ಪೆಕ್ ಮಾರುತ್ತಾರೆ, ಏಳೇಳರ ಕಟ್ಟು, ಪುರುಸೊತ್ತಿಲ್ಲದವರಿಗೆಂದೇ. ಯಾರ ಬಳಿಯೂ ಮಾತಾಡಬೇಕಿಲ್ಲ. ಒಂದು ಕಟ್ಟು ಕೊಂಡ, ಮನೆಗೆ ಬೇಗ ಬಂದ, ಅಮ್ಮನ ಮಡಿಲಲ್ಲಿಟ್ಟ. ದಾರಿಯಲ್ಲಿ ಸಂಸಾ ತಿನ್ನದೆ ಬಂದಿದ್ದೇನೆ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು.

ಕುಲ್ಯಾಶ್ ಚೀಲ ಬಿಚ್ಚಿ, ಮೇಲಿನ ರೊಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿದಳು.

"ತಣ್ಣಗಿವೆ."

"ಬಿಸಿ ಮಾಡ್ಕೊಂಡ್ರಾಯ್ತು."

"ಇದರ ವಾಸನೆ ಕರಿದವಳ ಮನೆಯವರಿಗೆ ಹೋಯ್ತಲ್ಲೋ. ಅವಳ ಸತ್ತ ಗಂಡನೋ ಅತ್ತೆನೋ ತಗೊಂಡಾಯ್ತು. ಎಂಜಲು ತಂದಿದೀಯ." ಕೋಪವಿರಲಿಲ್ಲ ಅವಳ ದನಿಯಲ್ಲಿ. ಲೆಕ್ಕ ತಪ್ಪಿದ ಮಗುವಿಗೆ ತಿದ್ದಿ ಹೇಳುವ ಹಾಗಿತ್ತು. "ಇಷ್ಟು ಓದಿದ್ದು ಯಾತಕ್ಕೋ ನೀನು."

ಕೈಸರನ ಮುಖ ಸುಟ್ಟಂತಾಯಿತು. ಇದೇ ಮಾತು ತನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿದೆ: ಒಲೆ ಸ್ವಂತದ್ದಾಗಿರಬೇಕು.

ಅಷ್ಟರಲ್ಲಿ ಗೌಹರ್ ಬಂದಳು. ಚೀಲದ ಎಣ್ಣೆ ಕಲೆ ಮೊದಲು ಕಂಡಿತು, ಆಮೇಲೆ ಅತ್ತೆ, ಆಮೇಲೆ ಗಂಡ. ಈಗ ಸಿಡಿಯುತ್ತಾಳೆ ಎಂದುಕೊಂಡ ಕೈಸರ್, ಒಳಗೊಳಗೇ ಅದನ್ನೇ ಬಯಸಿದ. ಸಿಡಿದರೆ ತಾನೂ ಏನಾದರೂ ಅಂದೇನು.

"ಶುಕ್ರವಾರದ್ದಾ?" ಎಂದಳು ಗೌಹರ್. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಪಾ. ನಾನೇನು ರಾಕ್ಷಸಿನಾ?"

ಕುಲ್ಯಾಶ್ ಮಗನ ಕಡೆ ನೋಡಿದಳು. ಕೈಸರ್ ಕಿಟಕಿಯ ಕಡೆ ನೋಡಿದ.

ಆಮೇಲೆ ಎಲ್ಲವೂ ಗೌಹರಳ ಕೈಗೆ ಹೋಯಿತು. ನೇರಪ್ರಸಾರಕ್ಕೆ ಇದೇ ಚೆನ್ನ ಎಂದಳು. ಸಂಪ್ರದಾಯವೂ ಆಯಿತು, ಆರೋಗ್ಯವೂ ಆಯಿತು. ಫೋನಿನಲ್ಲೇ ತೌಡು ತೆಗೆಯದ ಹಿಟ್ಟು ತರಿಸಿದಳು, ಆಲಿವ್ ಎಣ್ಣೆ ತರಿಸಿದಳು. ಇಂಜು ಹೋಗಿ ವಲೆಂತಿನಾಳ ಬಾಣಲೆ ತಂದಳು. ಕುಲ್ಯಾಶ್ ಎಣ್ಣೆಯ ಮುಚ್ಚಳ ತೆಗೆದು ಮೂಸಿ, ಹುಬ್ಬು ಗಂಟಿಕ್ಕಿ, ಅಂಗಿಯ ತೋಳು ಮಡಿಸಿ ಹಿಟ್ಟು ನಾದಿದಳು. ಎಷ್ಟೋ ತಿಂಗಳ ಮೇಲೆ ಅವಳ ಕೈಗೆ ಜೀವ ಬಂದಿತ್ತು. ಅದನ್ನು ನೋಡಿ ಕೈಸರನಿಗೆ ಸಂತೋಷವಾಯಿತು, ನಿಜವಾಗಿ ಆಯಿತು.

"ಒಂದೇ ಒಂದು ಮಾತು," ಎಂದಳು ಗೌಹರ್, "ಪರದೆಗೆಲ್ಲ ಹತ್ಕೊಂಡ್ರೆ ವಾರವಾದ್ರೂ ಹೋಗಲ್ಲ." ಒಲೆಯ ಮೇಲಿನ ಹೊಗೆ ಹೀರುವ ಯಂತ್ರವನ್ನು ಕೊನೆಯ ವೇಗಕ್ಕೆ ಒತ್ತಿದಳು.

ಉಕ್ಕಿನ ದೊಡ್ಡ ಬಾಯಿ ಅದು. ಮನೆ ಕೊಂಡಾಗ ಸಾಲದಲ್ಲಿ ಅದೂ ಸೇರಿತ್ತು. ಗುರ್ರೆಂದು ಶುರುವಾಯಿತು, ಅದರ ಕೆಳಗಿನ ಪುಟ್ಟ ದೀಪದ ಬೆಳಕು ಬಾಣಲೆಯ ಮೇಲೆ ಬಿತ್ತು. ಕುಲ್ಯಾಶ್ ಮೊದಲ ರೊಟ್ಟಿ ಬಿಟ್ಟಳು. ಎಣ್ಣೆ ಕುದಿಯಿತು, ರೊಟ್ಟಿ ಉಬ್ಬಿತು, ಹೊಗೆ ಎದ್ದು ಎಳೆ ಎಳೆಯಾಗಿ ನೆಟ್ಟಗೆ ಮೇಲೆ ಹೋಗಿ ಜಾಲರಿಯೊಳಗೆ ಇಲ್ಲವಾಯಿತು. ಗೌಹರ್ ಫೋನು ಹಿಡಿದು ಮಾತಾಡುತ್ತಿದ್ದಳು. ಹೃದಯಗಳು ಏರುತ್ತಿದ್ದವು.

ನಾಲ್ಕನೆಯದು ಕರಿಯುವಾಗ ಕುಲ್ಯಾಶ್ ತಲೆಯೆತ್ತಿ ಗಾಳಿ ಮೂಸಿದಳು. ಎಡಕ್ಕೆ ತಿರುಗಿ ಮೂಸಿದಳು, ಬಾಗಿಲ ಕಡೆ ಮೂಸಿದಳು.

"ಕೈಸರ್, ನನಗೆ ವಯಸ್ಸಾಯ್ತು, ಮೂಗು ಸತ್ತಿರಬೇಕು. ನಿನಗೆ ಬರ್ತಿದೆಯಾ?"

ಅವನು ಬಾಣಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಏನೂ ಬರುತ್ತಿರಲಿಲ್ಲ. ಹೊಗೆಯಂತ್ರದ ಒಂದು ಗುಂಡಿ ಒತ್ತಿದರೆ ಸಾಕಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗೌಹರಳ ಫೋನು ಅವನ ಕಡೆ ತಿರುಗಿತು, ಅದರ ಹಿಂದೆ ಸಾವಿರ ಹೆಂಗಸರು.

"ಬರ್ತಿದೆ ಅಪಾ."

"ಮೆಟ್ಟಿಲ ತನಕ ಹೋಗತ್ತಾ?"

"ಹೋಗತ್ತೆ."

ಅಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಮಗ ಸುಳ್ಳು ಹೇಳುವಾಗ ಕಿವಿ ಕೆಂಪಾಗುವುದು ಅವಳಿಗೆ ಮೊದಲಿನಿಂದಲೂ ಗೊತ್ತು. ಉಳಿದ ಮೂರನ್ನೂ ಕರಿದು, ಏಳನ್ನೂ ಒಂದರ ಮೇಲೊಂದಿಟ್ಟು, ಅಂಗೈ ಮೇಲೆ ಮಾಡಿ ಪ್ರಾರ್ಥನೆಯನ್ನು ತುಟಿಯಲ್ಲೇ ಓದಿಕೊಂಡು ಮುಖ ಸವರಿಕೊಂಡಳು. ಅಲ್ಲಿದ್ದ ಬೇರೆ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ.

"ಈಗ ತಿನ್ನಿ ಅಪಾ," ಎಂದಳು ಗೌಹರ್. "ಎಲ್ಲಾರೂ ನೋಡ್ತಿದಾರೆ. ಇವತ್ತೊಂದಿನ ಪರವಾಗಿಲ್ಲ."

ಕುಲ್ಯಾಶ್ ಮೇಲಿನ ರೊಟ್ಟಿ ತೆಗೆದುಕೊಂಡಳು. ಅದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚಿದಳು. ನುಂಗಿದಳೋ ಇಲ್ಲವೋ. ಉಳಿದದ್ದನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟಳು.

"ಇದನ್ನ ಎತ್ತಿಡಮ್ಮ," ಎಂದಳು ಸೊಸೆಗೆ. "ನಾನು ಸ್ವಲ್ಪ ಮಲಗ್ತೀನಿ." ಹೋಗುತ್ತ ಹೊಸ್ತಿಲಲ್ಲಿ ತಲೆವಸ್ತ್ರ ಸರಿಮಾಡಿಕೊಂಡಳು, ದೂರ ಹೊರಟವರು ಮಾಡುವ ಹಾಗೆ.

ಗೌಹರ್ ಅಭ್ಯಾಸಬಲದಿಂದ ಆ ರೊಟ್ಟಿಯನ್ನು ಎತ್ತಿ ಅಡುಗೆಯ ಪುಟ್ಟ ತಕ್ಕಡಿಯ ಮೇಲಿಟ್ಟಳು, ಮತ್ತೊಂದನ್ನು ತೂಗಿದಳು, ಒಂದರ ತೂಕದಿಂದ ಇನ್ನೊಂದರದನ್ನು ಕಳೆದು ನೋಡಿದಳು. "ವ್ಯತ್ಯಾಸವೇ ಇಲ್ಲ," ಎಂದಳು ಫೋನಿಗೆ, ನಗುತ್ತ. "ನೋಡಿದ್ರಾ ನಮ್ಮ ಅಪಾನ."

ಕೈಸರನಿಗೆ ಕಚ್ಚಿಟ್ಟ ರೊಟ್ಟಿಯ ಅರ್ಥ ಗೊತ್ತಿತ್ತು. ಬೆಳಿಗ್ಗೆಯಷ್ಟೇ ಹುಡುಗರಿಗೆ ಬರೆಸಿದ್ದ. ಅಮ್ಮನ ಹಿಂದೆ ಹೋಗಬೇಕೆನಿಸಿತು. ಹೋಗಿ ಏನು ಹೇಳುವುದು? ಒಲೆಯ ಕಡೆ ತಿರುಗಿದ. ಬಾಣಲೆಯಲ್ಲಿ ಎಣ್ಣೆ ಇನ್ನೂ ಹೊಗೆಯಾಡುತ್ತಿತ್ತು, ಇನ್ನೂ ಸ್ವಲ್ಪ ಉಳಿದಿತ್ತು. ಅವನು ಕೊನೆಗೂ ಕೈ ಚಾಚಿದ, ಹೊಗೆಯಂತ್ರದ ಗುಂಡಿಯನ್ನು ಜೋರಾಗಿ ಒತ್ತಿದ.

ಒತ್ತಿದ್ದು ಬೇರೆ ಗುಂಡಿ. ದೀಪ ಆರಿತು. ಕತ್ತಲಾದ ಒಲೆಯ ಮೇಲೆ ಆ ಬಾಯಿ ಹೀರುತ್ತಲೇ ಇತ್ತು.